ಒಂದು ಸೊನ್ನೆ ಹೆಚ್ಚು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಭಾವನವರ ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ಕೂತಿದ್ದೆ, ಬೈಯಬೇಡ. ಬರೆಯುವಂಥ ಸುದ್ದಿ ಕೈಗೆ ಬರಲಿ ಎಂದು ಕಾಯುತ್ತಿದ್ದೆ. ನಿನ್ನೆ ಬಂತು.

ಇಪ್ಪತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದವಳು, ನಿಂತ ಓದನ್ನು ಮತ್ತೆ ಹಿಡಿದು ಹೋದ ವರ್ಷ ನರ್ಸ್ ಪರೀಕ್ಷೆ ಪಾಸು ಮಾಡಿದ್ದು ನಿನಗೆ ಗೊತ್ತು. ಹೇಗೆ ಮಾಡಿದೆ ಎಂದು ಹೇಳಿರಲಿಲ್ಲ. ಮೊದಲ ಸಲ ಪುಸ್ತಕವನ್ನು ಹತ್ತು ಬಾರಿ ಓದಿ, ಸಾಲುಸಾಲಿಗೂ ಹಳದಿ ಬಳಿದು, ಡುಮ್ಕಿ ಹೊಡೆದೆ. ಆಮೇಲೊಂದು ದಿನ ಅತ್ತೆ ಬಟಾಣಿ ಸುಲಿಯುತ್ತಾ, "ಪುಸ್ತಕ ಮುಚ್ಚಿ ನಂಗೆ ಹೇಳೇ, ನೋಡೋಣ" ಎಂದರು. ಅಕ್ಷರ ಬಾರದ ಅತ್ತೆ! ಮೂತ್ರಪಿಂಡದ ಬಗ್ಗೆ ಎರಡು ಮಾತಾಡುವಷ್ಟರಲ್ಲಿ, "ಯಾಕೆ ಹಾಗೆ?" ಎಂದರು. ಉತ್ತರ ಹುಡುಕಲು ಮತ್ತೆ ಪುಸ್ತಕ ತೆರೆದೆ. ಅಂದಿನಿಂದ ದಿನಾ ಅದೇ ಪಾಠ. ಸೋಮವಾರ ಹೇಳಿದ್ದನ್ನು ಗುರುವಾರ ಕೇಳುವರು, ತಿಂಗಳು ಬಿಟ್ಟು ಮತ್ತೆ ಕೇಳುವರು. "ಮರೆತುಹೋಯ್ತು ಅತ್ತೆ" ಎಂದರೆ, "ಹೋಗ್ಲಿ ಬಿಡು. ತಡಕಾಡಿ ತೆಗಿ, ಆಗ ಗಟ್ಟಿಯಾಗಿ ಕೂರುತ್ತೆ" ಎನ್ನುವರು.

ಪಾಸಾದರೂ ಅಳುಕು ಹೋಗಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಎಲ್ಲ ಸೋರಿಹೋಗಿದ್ದರೆ?

ನಿನ್ನೆ ಎಂಟು ಕಿಲೋ ತೂಕದ ಮಗುವೊಂದು ಬಂತು, ಮೈ ಕಾದ ಹಂಚು. ಜ್ವರದ ಔಷಧಿ ಸಾವಿರದ ಇನ್ನೂರು ಮಿಲಿಗ್ರಾಂ ಎಂದು ಚೀಟಿಯಲ್ಲಿತ್ತು. ಕಿಲೋಗೆ ಹದಿನೈದು, ಎಂಟಕ್ಕೆ ನೂರಿಪ್ಪತ್ತು. ಕೈ ತಾನಾಗಿ ನಿಂತಿತು. ಹೊಸ ಡಾಕ್ಟರ ಹತ್ತಿರ ಹೋಗಿ, "ಸರ್, ಒಂದು ಸೊನ್ನೆ ಜಾಸ್ತಿ ಇದೆ" ಎಂದೆ. ಅವರು ಚೀಟಿ ನೋಡಿ ತಕ್ಷಣ ಆ ಸೊನ್ನೆ ಹೊಡೆದುಹಾಕಿದರು. "ಮಗು ಉಳೀತು ಸಿಸ್ಟರ್" ಎಂದರು. ಸಂಜೆ ಜ್ವರ ಇಳಿದು, ಆ ಕೂಸು ನನ್ನ ಬೆರಳು ಹಿಡಿದುಕೊಂಡೇ ನಿದ್ದೆ ಹೋಯಿತು.

ಮನೆಗೆ ಬಂದು ಅತ್ತೆಗೆ ಹೇಳಿದರೆ, "ಕಿಲೋಗೆ ಹದಿನೈದೇ ಯಾಕೆ?" ಎನ್ನಬೇಕೇ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟು ಹಗುರಾಗಿದೆ ಗೊತ್ತಾ ಅಕ್ಕ, ಈ ಬೆಳಿಗ್ಗೆ.

ಮಕ್ಕಳು ಚೆನ್ನಾಗಿ ಬಾಳಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಹತ್ತನೇ ತರಗತಿಯಲ್ಲಿ ನಾನು ಫೇಲಾದ ದಿನ ನೀನು ಅಪ್ಪನಿಗೆ, "ಅವಳ ತಲೆಗೆ ಏನೂ ಹತ್ತಲ್ಲಪ್ಪ, ಅವಳನ್ನ ಬಿಡಿಸಿ ನನ್ನನ್ನ ಮುಂದೆ ಓದಿಸಿ" ಎಂದದ್ದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ನೀನು ಲೆಕ್ಕದ ಟೀಚರ್ ಆದದ್ದಕ್ಕೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಮಾತನ್ನು ಮೂವತ್ತು ವರ್ಷ ನಂಬಿದ್ದೆ. ನಿನ್ನೆಯಿಂದ ನಂಬುತ್ತಿಲ್ಲ. ಇಲ್ಲಿಗೆ ಬಂದಾಗ ಕ್ಷಮೆಗಿಮೆ ಎಂದು ಅಳುತ್ತಾ ಕೂರಬೇಡ. ಒಂದು ಕಷ್ಟದ ಲೆಕ್ಕ ಕೊಡು, ಸಾಕು.