ಬರೀ ತಿಳಿ

ಮನೆಯ ಹಿಂದಿನ ಕೋಣೆ, ಇಸ್ತ್ರಿ ಮೇಜು
ಮಂಗಳವಾರ, ಮಾರ್ಚ್ ಹನ್ನೊಂದು, ಮಧ್ಯಾಹ್ನ

ನಮ್ಮನೆ ಯಜಮಾನರಿಗೆ,

ಏನ್ರೀ, ಹೇಗಿದ್ದೀರಿ? ಮಂಡಿನೋವು ಹೇಗಿದೆ? ಹೋಗುವಾಗ ಕೊಟ್ಟ ಮುಲಾಮು ಹಚ್ಚಿಕೊಳ್ತಿದ್ದೀರೋ, ಇಲ್ಲ ಪೆಟ್ಟಿಗೆಯಲ್ಲೇ ನಿದ್ದೆ ಮಾಡಿಸ್ತಿದ್ದೀರೋ? ಆ ಊರಿನ ಹೊಸ ಕಾರ್ಖಾನೆ ಒಳಗೆ ಥಂಡಿ ಜಾಸ್ತಿ ಅಂದಿರಲ್ಲ, ಅದಕ್ಕೇ ನಿಮ್ಮ ಉಣ್ಣೆ ಕೋಟು, ಎರಡು ಜೊತೆ ಕಾಲುಚೀಲ, ಇನ್ನೊಂದು ಡಬ್ಬಿ ಮುಲಾಮು ಎಲ್ಲಾ ಕಟ್ಟಿ ಲಾರಿ ಡ್ರೈವರ್ ಕೈಗೆ ಕೊಡ್ತಿದ್ದೀನಿ. ಜೊತೆಗೆ ಈ ಕಾಗದ. ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳ್ತೀರಿ, ಗೊತ್ತು. ಫೋನಿನಲ್ಲಿ ನಾನು ಸ್ವಲ್ಪ ದನಿ ಎತ್ತಿದರೆ ಸಾಕು, ನಿಮಗೆ ಸಿಗ್ನಲ್ ಹೋಗಿಬಿಡುತ್ತೆ. ಇಷ್ಟು ವರ್ಷದಲ್ಲಿ ನಾನು ಹೊಗಳುವಾಗ ಒಂದು ಸಲವೂ ಹೋಗಿಲ್ಲ ನೋಡಿ ಆ ಸಿಗ್ನಲ್. ಕಾಗದದಲ್ಲಾದರೆ ಪೂರ್ತಿ ಬೈಸಿಕೊಳ್ಳಲೇಬೇಕು. ಮೊದಲು ಕೋಟು ಹಾಕಿಕೊಳ್ಳಿ, ಕೂತ್ಕೊಳ್ಳಿ, ಆಮೇಲೆ ಓದಿ.

ಆ ಕೋಟಿನಿಂದಲೇ ಶುರುವಾಗಿದ್ದು ಇದೆಲ್ಲ. ಮನೆಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ಇಲ್ಲಿನ ಬಿಯರ್ ಕಾರ್ಖಾನೆಯ ನೆಲಮಾಳಿಗೆಯಲ್ಲೇ ಮೊಳೆಗೆ ನೇತುಹಾಕಿ ಬಂದಿರಬೇಕು ಅಂತ ನಿನ್ನೆ ಲಾಂಡ್ರಿ ಕೆಲಸ ಮುಗಿಸಿಕೊಂಡು ಅಲ್ಲಿಗೆ ಹೋದೆ. ಮದುವೆಯಾಗಿ ಇಷ್ಟು ಕಾಲವಾದರೂ ಆ ಮೆಟ್ಟಿಲು ಇಳಿದವಳಲ್ಲ ನಾನು. ನಿಮ್ಮ ಕೈಕೆಳಗಿನ ಉದ್ದಣ್ಣ ಬಾಗಿಲು ತೆಗೆದ. ಪಾಪ, ಒಳ್ಳೆಯವನು, ಚಾವಣಿಗೆ ತಲೆ ತಾಗದ ಹಾಗೆ ಬಗ್ಗಿ ಬಗ್ಗಿ ಬೆನ್ನೇ ಕೊಕ್ಕೆಯಾಗಿದೆ ಅವನದ್ದು. ಕೋಟು ತರ್ತೀನಿ ಅಂತ ಒಳಗೆ ಹೋದ. ನಾನು ಪೀಪಾಯಿಗಳ ಪಕ್ಕ ನಿಂತು ಸುತ್ತಮುತ್ತ ನೋಡ್ತಿದ್ದೆ. ಗೋಡೆ ತೇವ, ನೆಲ ತೇವ, ಹುಳಿ ಬಂದ ಹಿಟ್ಟಿನ ವಾಸನೆ. ಅದಕ್ಕೆಲ್ಲ ನಾನು ಬೇಜಾರು ಮಾಡಿಕೊಳ್ಳಲಿಲ್ಲ, ನೀವು ದಿನಾ ಮನೆಗೆ ತರ್ತಿದ್ದ ವಾಸನೆಯೇ ಅದು. ಮೂಲೆಯಲ್ಲಿ ಒಂದು ಬಿಳೀ ಟಬ್ಬು ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ತಿಳಿ’ ಅಂತ ಬರೆದಿತ್ತು, ನಿಮ್ಮದೇ ಅಕ್ಷರ.

ಲಾಂಡ್ರಿಯಲ್ಲಿ ನಮಗೆ ತಿಳಿ ಅಂದ್ರೆ ಒಂದೇ, ಗಂಜಿ ತಿಳಿ. ಹೋಟೆಲಿನ ಮೇಜುಬಟ್ಟೆ ಕಾಗದದ ಹಾಗೆ ನಿಲ್ಲಬೇಕಾದ್ರೆ ಅದನ್ನೇ ಹಾಕೋದು. ಅದರ ಹದ ಕಣ್ಣಿಗೆ ಗೊತ್ತಾಗಲ್ಲ, ಬೆರಳಿಗೆ ಗೊತ್ತಾಗುತ್ತೆ. ಕೈ ಸುಮ್ಮನಿರಬೇಕಲ್ಲ! ಮುಚ್ಚಳ ತೆಗೆದವಳೇ ಮೊಣಕೈವರೆಗೂ ಕೈ ಬಿಟ್ಟೆ ರೀ. ಬಿಟ್ಟೆ, ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜಿಯೂ ನೋಡಿದೆ. ಥೂ! ಥೂ ಥೂ! ಅದು ಗಂಜಿಯಲ್ಲ. ತಣ್ಣಗೆ, ಲೋಳೆ ಲೋಳೆ, ನೆಗಡಿಯಾದ ಮಗುವಿನ ಸಿಂಬಳದ ಹಾಗೆ ಬೆರಳಿಂದ ಬೆರಳಿಗೆ ಎಳೆ ಎಳೆಯಾಗಿ ಜೋತುಬಿತ್ತು. ಎಳೆಯೊಳಗೆ ಒಂದು ತೊಗಲಿನ ಚೂರು. ಮೂಗಿಗೆ ಹತ್ತಿರ ತಂದೆ, ಯಾವ ಗ್ರಹಚಾರಕ್ಕೋ. ಹಳೇ ಮೀನಿನ ಅಂಗಡಿಯ ಚರಂಡಿಯಲ್ಲಿ ವಿನಿಗರ್ ಸುರಿದ ವಾಸನೆ! ಸೆರಗು ಬಾಯಿಗೆ ತುರುಕಿಕೊಂಡೆ. ನಿಮ್ಮ ಪೀಪಾಯಿ ಹಿಡಿದುಕೊಂಡು ನಿಂತೆ, ಇಲ್ಲದಿದ್ದರೆ ಆ ನೆಲ ತೊಳೆಯೋ ಕೆಲಸವೂ ನನ್ನದೇ ಆಗ್ತಿತ್ತು.

ಉದ್ದಣ್ಣ ಕೋಟು ಹಿಡಿದುಕೊಂಡು ಬಂದವನು ನನ್ನ ಕೈ ನೋಡಿ ನಕ್ಕುಬಿಟ್ಟ. ಅದು ಮೀನಿನ ಗಾಳಿಚೀಲ ಅಂತೆ. ಮೀನು ತೇಲೋಕೆ ಹೊಟ್ಟೆಯೊಳಗೆ ಇಟ್ಟುಕೊಂಡಿರುತ್ತಲ್ಲ ಬಲೂನು, ಅದನ್ನ ಕಿತ್ತು, ಒಣಗಿಸಿ, ಹುಳಿನೀರಲ್ಲಿ ನೆನೆಹಾಕಿ, ಕರಗಿಸಿ, ಪೀಪಾಯಿ ತುಂಬುವಾಗ ಒಂದಿಷ್ಟು ಸುರೀತಾರಂತೆ. ಬಿಯರಿನ ಕದಡನ್ನೆಲ್ಲ ಅದು ಹಿಡಿದುಕೊಂಡು ತಳಕ್ಕೆ ಹೋಗಿ ಕೂರುತ್ತಂತೆ. ಮೇಲೆ ಬಿಯರ್ ತಿಳಿಯಾಗುತ್ತೆ, ಅದಕ್ಕೇ ಇದಕ್ಕೆ ತಿಳಿ ಅಂತ ಹೆಸರಂತೆ. ಆಹಾ, ಏನು ಹೆಸರು! ಇಟ್ಟವರ ಬಾಯಿಗೆ ಅದನ್ನೇ ಹಾಕಬೇಕು. ‘ತಳದಲ್ಲೇ ಉಳಿಯುತ್ತೆ ಅಕ್ಕಾ, ಗ್ಲಾಸಿಗೆ ಬರಲ್ಲ’ ಅಂತ ಸಮಾಧಾನ ಬೇರೆ ಹೇಳಿದ. ಬಾವಿ ತಳದಲ್ಲಿ ಇಲಿ ಸತ್ತು ಕೂತಿದ್ರೆ ಮೇಲಿನ ನೀರು ಕುಡೀತೀಯೇನಪ್ಪಾ ಅಂತ ಕೇಳಿದೆ. ತಲೆ ಕೆರೆದುಕೊಂಡ. ಎಲ್ಲಾ ಕಾರ್ಖಾನೆಯಲ್ಲೂ ಹಾಕಲ್ವಂತೆ, ಕೆಲವರು ಸುಮ್ಮನೆ ಕಾಯ್ತಾರಂತೆ, ಕೆಲವರು ಪಾಚಿ ಹಾಕ್ತಾರಂತೆ. ನಮ್ಮ ಯಜಮಾನರಿಗೆ ಮಾತ್ರ ಮೀನೇ ಆಗಬೇಕು.

ಮನೆಗೆ ಬಂದು ಸೋಪು ಹಾಕಿದೆ, ನಿಂಬೆಹಣ್ಣು ಉಜ್ಜಿದೆ, ಸೋಡಾ ಪುಡಿ ಉಜ್ಜಿದೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಇವತ್ತು ಬೆಳಗ್ಗೆ ಬಿಳೀ ಬಟ್ಟೆ ಮಡಚುವಾಗ ನನ್ನ ಕೈಯೇ ನನಗೆ ಹೇಸಿಗೆ. ನಾನೇನು ನಾಜೂಕಿನವಳಲ್ಲ, ನಿಮಗೆ ಗೊತ್ತು. ಹೋಟೆಲಿನ ಬಟ್ಟೆ ಒಗೆಯೋಳು, ದೊಡ್ಡ ಮನುಷ್ಯರು ಹಾಸಿಗೆಯಲ್ಲಿ, ಕರವಸ್ತ್ರದಲ್ಲಿ ಏನೇನು ಬಿಟ್ಟು ಹೋಗ್ತಾರೆ ಅಂತ ನನ್ನನ್ನ ಕೇಳಿ. ಮೀನನ್ನೂ ತಿಂತೀನಿ, ಮುಳ್ಳು ಬೆಕ್ಕಿಗೆ ಹಾಕ್ತೀನಿ. ಆದ್ರೆ ಮೀನು ಮೀನಾಗಿ ತಟ್ಟೆಗೆ ಬರಬೇಕು ರೀ. ಹೂವಿನ ಚಿತ್ರ ಅಂಟಿಸಿಕೊಂಡು, ಬಂಗಾರದ ಬಣ್ಣ ಹಾಕಿಕೊಂಡು, ನೊರೆಯ ಟೋಪಿ ಇಟ್ಟುಕೊಂಡು ಗ್ಲಾಸಿನಲ್ಲಿ ಬರಬಾರದು. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅದನ್ನ ಕಣ್ಣಲ್ಲಿ ನೋಡಿದ್ದು ಸಾಲದು ಅಂತ ಕೈಯಲ್ಲೂ ಮುಟ್ಟಿ ಬಂದೆ.

ಇಷ್ಟೇ ಆಗಿದ್ರೆ ಎರಡು ದಿನ ವಾಕರಿಸಿಕೊಂಡು ಸುಮ್ಮನಾಗ್ತಿದ್ದೆ. ಆದ್ರೆ ನಿಮ್ಮ ಮೊಂಡಿ ಮಗಳು? ಅವಳ ಗತಿ ಏನು? ನೀವು ಹೊರಡೋ ಮುಂಚೆ ನಿಮ್ಮ ಎದುರು ಕೂತು ಕೇಳಿದಳು, ನಾನೂ ಅಲ್ಲೇ ಸ್ವೆಟರ್ ಮಡಚ್ತಿದ್ದೆ. ‘ಅಪ್ಪಾ, ನಿನ್ನ ಬಿಯರಿನಲ್ಲಿ ಏನೇನಿರುತ್ತೆ? ಪ್ರಾಣಿಯಿಂದ ಬಂದಿದ್ದು ಏನಾದ್ರೂ ಇದೆಯಾ? ಇದ್ರೆ ನಾನು ಹೊಸದಾಗಿ ತೆರೀತಿರೋ ಅಂಗಡೀಲಿ ಇಡೋ ಹಾಗಿಲ್ಲ.’ ನೀವು ಎದೆಯುಬ್ಬಿಸಿ ಹೇಳಿದ್ದೇನು? ‘ಬಾರ್ಲಿ, ನೀರು, ಹಾಪ್ಸ್ ಹೂವು, ಯೀಸ್ಟು. ಆಮೇಲೆ ಬರೀ ತಿಳಿ. ಅಷ್ಟೇ ಕಣೇ.’ ಬರೀ ತಿಳಿ! ಅವಳು ನನ್ನ ಮಗಳಲ್ವಾ, ಲಾಂಡ್ರಿಯ ಹಬೆಯಲ್ಲಿ ಬೆಳೆದವಳು, ಗಂಜಿ ತಿಳಿ ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ನೀವು ಸುಳ್ಳು ಹೇಳಿದಿರೋ, ಇಲ್ಲ ಆ ಮೀನನ್ನ ತಿಳಿ ತಿಳಿ ಅಂತ ಕರೆದೂ ಕರೆದೂ ಅದು ಮೀನು ಅನ್ನೋದೇ ಮರೆತುಹೋಗಿತ್ತೋ, ರಾತ್ರಿಯೆಲ್ಲ ಯೋಚನೆ ಮಾಡಿದೆ. ಮರೆತಿತ್ತು ಅಂತಲೇ ನಂಬ್ತೀನಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯೋದು ಬೇರೆ, ಕಣ್ಣು ಮುಚ್ಚಿಕೊಂಡು ಪರರಿಗೆ ಕುಡಿಸೋದು ಬೇರೆ.

ಶನಿವಾರದ ಮಾತು ನಿಮಗೆ ಹೇಳಿರಲಿಲ್ಲ, ಇಡಿಯಾಗಿ ಎದುರಿಗೇ ಹೇಳೋಣ ಅಂತಿದ್ದೆ. ಅವಳ ಅಂಗಡಿಗೆ ನಿಮ್ಮ ಮೊದಲ ಪೀಪಾಯಿ ಬಂತು, ರುಚಿ ನೋಡೋಕೆ. ಗೋಡೆಯ ಬಣ್ಣ ಇನ್ನೂ ಹಸಿ, ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗು. ನಾವಿಬ್ಬರೇ ಇದ್ದದ್ದು. ಗ್ಲಾಸು ತುಂಬಿದಳು, ನೀವು ಮಾಡೋ ಹಾಗೇ ದೀಪಕ್ಕೆ ಹಿಡಿದು ಅದರ ಮೂಲಕ ಪೇಪರಿನ ಅಕ್ಷರ ಓದಿದಳು, ಕುಡಿದಳು. ತೋಳಿನಿಂದ ನೊರೆ ಒರೆಸಿಕೊಂಡಳು. ‘ಅಪ್ಪನ ಕೈಯಿಂದ ಬಂದಿದ್ದು ಏನಾದ್ರೂ ನನ್ನ ಹೊಟ್ಟೆಗೆ ಹೋಗಿ ಎಷ್ಟು ಕಾಲ ಆಯ್ತಮ್ಮಾ’ ಅಂದಳು. ಕಣ್ಣಲ್ಲಿ ನೀರು ರೀ ಅವಳಿಗೆ. ಆ ಕಲ್ಲಿನಂಥವಳಿಗೆ!

ನಿಮಗೆ ನೆನಪಿಲ್ವಾ? ಅವಳು ವೀಗನ್ ಆಗ್ತೀನಿ ಅಂತ ಹಾಲು ಬಿಟ್ಟಳು, ಮೊಟ್ಟೆ ಬಿಟ್ಟಳು, ಜೇನು ಬಿಟ್ಟಳು, ಚರ್ಮದ ಚಪ್ಪಲಿಯನ್ನೂ ಬಿಟ್ಟಳು, ನೀವು ಅವಳ ಜೊತೆ ಊಟಕ್ಕೆ ಕೂರೋದನ್ನ ಬಿಟ್ಟಿರಿ. ಆಗೊಂದು ಭಾನುವಾರ ನೀವು ಮಾಂಸ ಮಾಡಿ ಅವಳ ತಟ್ಟೆಗೆ ಬಡಿಸಿದಿರಿ, ಅವಳು ತಟ್ಟೆ ಹಿಂದಕ್ಕೆ ತಳ್ಳಿದಳು, ‘ನನ್ನ ಕೈಯಿಂದ ಏನೂ ಇಳಿಯಲ್ಲ ಇವಳ ಗಂಟಲಲ್ಲಿ’ ಅಂತ ನೀವು ಎದ್ದು ಹೋದಿರಿ. ಅಂದಿನಿಂದ ನಾನು ಎರಡು ಸರದಿಯಲ್ಲಿ ಬಡಿಸ್ತಾ ಬಂದೆ, ಮೊದಲು ಅಪ್ಪನಿಗೆ, ಆಮೇಲೆ ಮಗಳಿಗೆ, ಹೋಟೆಲ್ ಇಟ್ಟವಳ ಹಾಗೆ. ಕೊನೆಗೆ ಈ ಬಿಯರ್ ಒಂದರಿಂದ ನೀವಿಬ್ಬರೂ ಮುಖ ಕೊಟ್ಟು ಮಾತಾಡಿದಿರಿ. ಶುಕ್ರವಾರ ಅಂಗಡಿ ಶುರು. ಬಾಗಿಲ ಪಕ್ಕದ ಹಲಗೆಯ ಮೇಲೆ ‘ಅಪ್ಪನ ಬಿಯರ್’ ಅಂತ ಬರೆದಿದ್ದಾಳೆ, ಕೆಳಗೆ ಬಾರ್ಲಿ, ನೀರು, ಹೂವು, ಯೀಸ್ಟ್, ಗಂಜಿ ತಿಳಿ. ಅದನ್ನ ಓದಿ ನಂಬಿ ಬರೋ ಜನರ ಮುಂದೆ ನನ್ನ ಮಗಳು ಮೀನಿನ ಲೋಳೆ ಹಾಕಿದ್ದನ್ನ ಕೈಯಾರೆ ಬಡಿಸಬೇಕಾ? ನಾನು ಅದನ್ನ ನೋಡ್ತಾ ನಿಂತಿರಬೇಕಾ?

ಅದಕ್ಕೇ ನಾನೊಂದು ಕೆಲಸ ಮಾಡಿದ್ದೀನಿ, ಬೈಯೋದಾದ್ರೆ ಬೈಯಿರಿ. ಶುಕ್ರವಾರಕ್ಕೆ ಕೊಡೋ ಪೀಪಾಯಿಗೆ ಆ ಹಾಳು ತಿಳಿ ಹಾಕಬೇಡ, ಹಾಗೇ ತುಂಬು ಅಂತ ಉದ್ದಣ್ಣನಿಗೆ ಹೇಳಿ ಬಂದೆ. ಅವನು ಬೆವೆತುಹೋದ. ‘ಕದಡು ಬಿಯರ್ ಬಾಗಿಲು ದಾಟಿದ್ರೆ ಯಜಮಾನ್ರು ನನ್ನ ಚರ್ಮ ಸುಲೀತಾರೆ ಅಕ್ಕಾ’ ಅಂದ. ಯಜಮಾನರ ಚರ್ಮ ಸುಲಿಯೋಳು ಮನೆಯಲ್ಲಿದ್ದಾಳೆ, ನೀನು ತುಂಬು ಅಂದೆ. ಇವತ್ತು ಊಟದ ಹೊತ್ತಿಗೆ ಅಂಗಡಿಗೆ ಮುಟ್ಟಿಸ್ತೀನಿ ಅಂದಿದ್ದಾನೆ. ಗ್ಲಾಸಿನ ಮೂಲಕ ಪೇಪರ್ ಓದೋದಿರಲಿ, ಹಿಂದೆ ಆನೆ ನಿಂತಿದ್ರೂ ಕಾಣಲ್ಲವಂತೆ. ಕಾಣದಿದ್ರೆ ಬೇಡ ಬಿಡಿ. ಪೇಪರ್ ಓದೋಕೆ ನಿಮಗೆ ಕನ್ನಡಕ ಇದೆಯಲ್ಲ.

ಮಗಳಿಗೆ ಮಾತ್ರ ಇನ್ನೂ ಏನೂ ಹೇಳಿಲ್ಲ. ಶನಿವಾರ ನೀನು ಕಣ್ಣೀರು ಹಾಕಿ ಕುಡಿದಿದ್ದು ಇಂಥದ್ದನ್ನ ಅಂತ ಯಾವ ಬಾಯಲ್ಲಿ ಹೇಳಲಿ? ಬಾಯಿವರೆಗೂ ಬರುತ್ತೆ, ಆ ಎಳೆ ನೆನಪಾಗುತ್ತೆ, ಮಾತೂ ಅಲ್ಲೇ ಜೋತುಬೀಳುತ್ತೆ.

ಸರಿ, ಲಾರಿಯವನು ಹೊರಗೆ ಹಾರ್ನ್ ಹೊಡೀತಿದ್ದಾನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮುಲಾಮು ಹಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡಿ. ನೀವು ವಾಪಸು ಬರುವಾಗ ನಾನು ಸಿಟ್ಟಾಗಿರಲ್ಲ, ಆದ್ರೆ ಆ ಬೂಟುಗಳನ್ನ ಬಾಗಿಲ ಹೊರಗೇ ಬಿಟ್ಟು ಬನ್ನಿ.

ಇನ್ನೂ ವಾಸನೆ ಹೋಗದ ಬಲಗೈಯಿಂದ ಬರೆದ,
ನಿಮ್ಮವಳೇ

ವಿ.ಸೂ. ಡ್ರೈವರನ್ನ ನಿಲ್ಲಿಸಿಕೊಂಡು ಬರೀತಿದ್ದೀನಿ, ಅಕ್ಷರ ಸೊಟ್ಟ ಆದ್ರೆ ಬೇಜಾರು ಮಾಡ್ಕೋಬೇಡಿ. ಮಗಳು ಈಗ ತಾನೇ ಬಂದು ಹೋದಳು, ಕೈಯಲ್ಲಿ ಕದಡು ಬಿಯರಿನ ಗ್ಲಾಸು. ರುಚಿ ಚೆನ್ನಾಗೇ ಇದೆಯಂತೆ. ‘ತಿಳಿ ಹಾಕದೆ ತುಂಬಿದ್ದು’ ಅಂತ ಉದ್ದಣ್ಣ ಬಾಯಿಬಿಟ್ಟಿದ್ದಾನೆ. ಅವಳು ಕೇಳಿದ್ದು ಒಂದೇ ಮಾತು: ‘ಅಮ್ಮಾ, ನೀರಿಗೆ ಗಂಜಿ ತಿಳಿ ಹಾಕಿದ್ರೆ ಕದಡುತ್ತೆ. ಬಿಯರಿಗೆ ಹಾಕಿದ್ರೆ ಮಾತ್ರ ಹೇಗೆ ತಿಳಿಯಾಗುತ್ತೆ? ಶನಿವಾರ ನಾನು ಕುಡಿದಿದ್ದು ಏನು?’ ನಿಮ್ಮಪ್ಪನನ್ನೇ ಕೇಳು ಅಂದುಬಿಟ್ಟೆ. ಹಲಗೆಯ ಮೇಲಿನ ಕೊನೇ ಎರಡು ಪದ ಒದ್ದೆ ಕೈಯಲ್ಲಿ ಒರೆಸಿ ಬಂದಿದ್ದಾಳಂತೆ. ‘ಅಪ್ಪನ ಬಿಯರ್’ ಅನ್ನೋದನ್ನ ಇನ್ನೂ ಒರೆಸಿಲ್ಲ. ಸಂಜೆ ನಿಮಗೆ ಫೋನ್ ಮಾಡ್ತಾಳೆ. ಅಷ್ಟರೊಳಗೆ ಈ ಕಾಗದ ನಿಮ್ಮ ಕೈ ಸೇರಿಸ್ತೀನಿ ಅಂತ ಡ್ರೈವರ್ ಮಾತು ಕೊಟ್ಟಿದ್ದಾನೆ. ಆ ಭಾನುವಾರ ಆದ ಮೇಲೆ ಅವಳಾಗಿ ನಿಮಗೆ ಫೋನ್ ಮಾಡ್ತಿರೋದು ಇದೇ ಮೊದಲು ರೀ. ನಿಮ್ಮ ದಮ್ಮಯ್ಯ, ಸಿಗ್ನಲ್ ಹೋಯ್ತು ಅನ್ನಬೇಡಿ. ಬರೀ ತಿಳಿ ಅನ್ನಬೇಡಿ. ಮೀನು ಅನ್ನಿ.