ಇಳಿಸದ ಹಾಸು

ಮೊಳಕಾಲ್ಮೂರು
ಮೇ ೨೪, ಶನಿವಾರ

ನನ್ನ ರೇಣುಕಕ್ಕನಿಗೆ,

ಗೋವಿಂದು ಮಾಡುವ ನಮಸ್ಕಾರ. ಕ್ಷೇಮವೇ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಕೇಳುವುದಿಲ್ಲ. ಫೋನು ಮಾಡಿದರೆ ನಿನ್ನ ಮಗಳು ಎತ್ತಿ, ಸ್ವಂತ ಚಿಕ್ಕಮ್ಮನಂಥ ನನಗೇ, ಅವ್ವ ಈಗಷ್ಟೇ ಮಲಗಿದಳು ಪಿನ್ನಮ್ಮಾ ಅನ್ನುತ್ತಾಳೆ. ಹಗಲು ಹೊತ್ತು ಮಲಗುವ ಹೆಂಗಸಾ ನೀನು? ನಮ್ಮ ನೇಕಾರರ ಬೀದಿಯ ಕೋಳಿಗಳನ್ನೇ ಎಬ್ಬಿಸುತ್ತಿದ್ದವಳು! ಚಂದ್ರಣ್ಣ ಇವತ್ತು ಸಿದ್ದಾಪುರಕ್ಕೆ ಬರುತ್ತಾನಂತೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕಾಗದವಾದರೆ ನನ್ನ ದನಿ ನಿನಗೆ ಕೇಳಿಸುವುದಿಲ್ಲ, ಅದೂ ಒಳ್ಳೆಯದೇ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ ಅಕ್ಕಾ. ಬಾ. ಬಂದು ನಿನ್ನ ಮಗ ರಾಜು ಬಿಟ್ಟುಹೋದ ಹಾಸು ಇಳಿಸು.

ಅವನ ತಿಥಿ ಕಳೆದುಹೋಯಿತು. ನೀನು ಮನೆಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಿಗೂ ಹೇಳದೆ ಮಗಳ ಮನೆ ಸೇರಿಕೊಂಡೆ. ಒಳಗೆ ಮಗ್ಗಕ್ಕೆ ಹೂಡಿದ ಹಾಸಿನ ನೂಲಿನಲ್ಲಿ ಅವನು ಅರ್ಧ ನೇಯ್ದ ಸೀರೆ ಹಾಗೇ ಇದೆ. ನಮ್ಮತ್ತೆ ಹೇಳುತ್ತಿದ್ದ ಮಾತು ನಿನಗೂ ಗೊತ್ತು. ಬದುಕಿರುವವನ ಹಾಸನ್ನು ಇನ್ನೊಬ್ಬರು ಮುಟ್ಟಬಾರದು, ಅವನು ಎಲ್ಲಿದ್ದರೂ ಬಂದು ಅವನೇ ನೇಯಬೇಕು. ಸತ್ತವನದನ್ನು ಮನೆಯವರು ನೇಯ್ದು ಮುಗಿಸಿ ಇಳಿಸಬೇಕು. ಇಲ್ಲದಿದ್ದರೆ ಅವನು ಅತ್ತ ಹೋಗಲಾರ, ಇತ್ತ ಬರಲಾರ. ಹಿರಿಯರು ದಿನಾ ನಮ್ಮ ಜಗಲಿಗೆ ಬಂದು ಕೂರುತ್ತಾರೆ. ನೀನಾದರೂ ಹೇಳವ್ವ, ನಿನ್ನ ಮಾತು ಕೇಳ್ತಾಳೆ ಅನ್ನುತ್ತಾರೆ. ನನ್ನ ಮಾತು ನೀನು ಯಾವತ್ತು ಕೇಳಿದ್ದೀಯೋ ನನಗಂತೂ ನೆನಪಿಲ್ಲ.

ನಿನ್ನ ರಾಜು, ನನ್ನ ರವಿ ಈ ಮಾತನ್ನೇ ಹಿಡಿದುಕೊಂಡು ಆಟ ಕಟ್ಟಿದರಲ್ಲ. ಮಿಲಿಟರಿಯಿಂದ ರಜೆಗೆ ಬಂದವರು ಸುಮ್ಮನೆ ಕೂರದೆ ಮಗ್ಗಕ್ಕೆ ಇಳಿಯುತ್ತಿದ್ದರು. ಹೊರಡುವ ದಿನ ಬೇಕೆಂದೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಹಾಸು ಐತಲ್ಲ ಪಿನ್ನಮ್ಮ, ಬರದೇ ಎಲ್ಲಿಗೆ ಹೋಗ್ತೀವಿ ಅಂತ ನಿನ್ನ ರಾಜು ನನ್ನ ಗಲ್ಲ ಹಿಂಡಿ ಹೇಳಿದ್ದ. ನಮ್ಮ ಬೀದಿಯಿಂದ ಮಿಲಿಟರಿಗೆ ಹೋದವರು ನಾಲ್ಕೇ ಜನ. ಸೇರುವ ಮುಂಚೆ ಅವರು ದೇವಸಮುದ್ರದ ರಸ್ತೆಯಲ್ಲಿ ಓಡಿ ಅಭ್ಯಾಸ ಮಾಡುವಾಗ ಊರವರು ನಗುತ್ತಿದ್ದರು, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಕುಲ, ಇವರೇನು ಬಂದೂಕು ಹಿಡಿದಾರು ಅಂತ. ರಾಜುವನ್ನು ಬಾವುಟ ಸುತ್ತಿ ತಂದ ದಿನ ಅದೇ ಬಾಯಿಗಳು ಜೈಕಾರ ಕೂಗಿದವು. ನನಗೆ ಮೈ ಉರಿಯಿತು ಅಕ್ಕಾ. ನೀನು ಮಾತ್ರ ಅಳದೆ, ಆ ಪೆಟ್ಟಿಗೆ ತೆಗೆದು ಮುಖ ತೋರಿಸಿ ಅಂತ ಒಂದೇ ಮಾತು ಕೇಳುತ್ತಿದ್ದೆ. ಅವರು ತೋರಿಸಲಿಲ್ಲ. ಯಾಕೆ ತೋರಿಸಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು.

ಮುಖ ನೋಡಿಲ್ಲ, ಅದಕ್ಕೇ ಹಾಸು ಇಳಿಸಲ್ಲ ಅನ್ನುತ್ತೀಯಂತೆ. ನಿನ್ನ ಮಗಳು ಹೇಳಿದಳು. ಅವನ ಕೈಗಡಿಯಾರ ಕೊಟ್ಟರು, ಚೀಟಿ ತುಂಬಿದ ಪರ್ಸು ಕೊಟ್ಟರು, ಇನ್ನೇನು ಬೇಕು ನಿನಗೆ? ಬಿರುಸಾಗಿ ಬರೆಯುತ್ತಿದ್ದೇನೆ ಅಂತ ಗೊತ್ತು. ಯಾರಾದರೂ ಹೇಳಬೇಕಲ್ಲ. ಬಾರದವನಿಗೆ ಬಾಗಿಲು ತೆರೆದಿಟ್ಟುಕೊಂಡು ಕೂತರೆ ಉಳಿದವರು ಬದುಕುವುದು ಹೇಗೆ? ನಿನ್ನ ಮಗಳು ಬಾಣಂತಿ, ಮೊಮ್ಮಗುವನ್ನು ನೀನು ಇನ್ನೂ ಎತ್ತಿಕೊಂಡಿಲ್ಲವಂತೆ. ಇದು ತಪ್ಪು ಅಕ್ಕಾ.

ನೀನು ಒಬ್ಬಳೇ ಏನೂ ಮಾಡಬೇಕಿಲ್ಲ. ನಾನು ಪಕ್ಕದಲ್ಲಿ ಕೂರುತ್ತೇನೆ, ನಮ್ಮನೆಯವರು ನೇಯುತ್ತಾರೆ. ನೀನು ಬೀಗ ತೆಗೆದು ಹೂಂ ಅಂದರೆ ಸಾಕು. ಆಮೇಲೆ ಜೋರಾಗಿ ಅಳು. ನಮ್ಮ ಬೀದಿಯವರೆಲ್ಲ ನೀನು ಅಳಲಿ ಅಂತ ಕಾಯುತ್ತಿದ್ದಾರೆ.

ನಮ್ಮ ರವಿ ಸುಖವಾಗಿದ್ದಾನೆ. ಗಡಿಯಲ್ಲಿ ಕದನ ನಿಂತರೂ ರಜೆ ಇಲ್ಲವಂತೆ. ಮೊನ್ನೆ ಫೋನು ಮಾಡಿದ್ದ, ಪೆದ್ದಮ್ಮ ಉಣ್ತಾಳೇನವ್ವ ಅಂತ ನಿನ್ನನ್ನೇ ಕೇಳಿದ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಬಂದುಬಿಡು. ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ನಿನ್ನ ಜೊತೆ ಒಂದೇ ವರ್ಷ ಈ ಬೀದಿಗೆ ಸೊಸೆಯಾಗಿ ಬಂದ,
ಗೋವಿಂದು

ಮರೆತಿದ್ದು: ಮರೆತಿರಲಿಲ್ಲ ಅಕ್ಕಾ, ಬರೆಯಬಾರದು ಅಂದುಕೊಂಡಿದ್ದೆ. ಚಂದ್ರಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಅದಕ್ಕೇ ಬೇಗ ಬೇಗ ಬರೆಯುತ್ತೇನೆ. ರವಿ ಫೋನು ಮಾಡಿದ್ದು ಸುಳ್ಳು. ನೀನು ಹೋದ ಮೇಲೆ ಅವನ ಜೊತೆಯವನೊಬ್ಬ ಫೋನು ಮಾಡಿದ. ರಾತ್ರಿ ಕಾವಲಿಗೆ ಹೋದ ಗುಂಪಿನಲ್ಲಿ ಇವನೊಬ್ಬ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ, ಸದ್ಯ ಯಾರಿಗೂ ಹೇಳಬೇಡಿ ಅಂದ. ಸತ್ತ ಅನ್ನಲಿಲ್ಲ, ಇದ್ದಾನೆ ಅಂತಲೂ ಅನ್ನಲಿಲ್ಲ. ಇಂಥವನ ಹಾಸನ್ನು ಏನು ಮಾಡಬೇಕು ಅಂತ ನಮ್ಮತ್ತೆ ಹೇಳಿಹೋಗಲಿಲ್ಲ. ನೀನು ನಿನ್ನದನ್ನು ಇಳಿಸಿದರೆ, ಹೆತ್ತವಳು ಅದನ್ನು ಹೇಗೆ ಮಾಡುತ್ತಾಳೆ ಅಂತ ನೋಡಿಕೊಳ್ಳೋಣ ಅಂದುಕೊಂಡೆ. ಆ ಆಸೆಗೇ ನಿನ್ನನ್ನು ಬೈದು ಇಷ್ಟುದ್ದ ಬರೆದೆ.

ನಮ್ಮನೆಯವರು ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ರವಿಯ ಮಗ್ಗದಲ್ಲಿ ಕೂತಿದ್ದಾರೆ. ಅವರ ಪಾಲಿಗೆ ಮಗ ಮುಗಿದುಹೋದ. ಮೂರು ಲಾಳಿಯ ಮಗ್ಗ ಒಬ್ಬರಿಂದ ಆಗುವುದಿಲ್ಲ, ಅಂಚಿನ ಲಾಳಿ ಕೊಡಲು ಇನ್ನೊಬ್ಬರು ಬೇಕೇ ಬೇಕು. ಬಾರೇ, ಕೂತ್ಕೋ ಅಂತ ನನ್ನನ್ನು ಕರೆಯುತ್ತಿದ್ದಾರೆ. ಗದರಿಸಿ ಕರೆದಿದ್ದರೆ ಆಗಲ್ಲ ಅನ್ನುತ್ತಿದ್ದೆ. ಅಳುತ್ತಾ ಕರೆಯುತ್ತಿದ್ದಾರೆ.

ನಿನ್ನ ಕೀಲಿ ನಿನ್ನ ಹತ್ತಿರವೇ ಇರಲಿ, ರಾಜುವಿನದನ್ನು ಇಳಿಸಬೇಡ. ನಾಳೆಯವರೆಗೂ ಕಾಯಬೇಡ, ಇವತ್ತೇ ಬಾ. ಬಂದು ನನ್ನ ಎರಡೂ ಕೈ ಹಿಡಿದುಕೋ. ಅವರು ಇನ್ನೊಂದು ಸಲ ಕರೆದರೆ ನಾನು ಹೋಗಿ ಕೂತುಬಿಡುತ್ತೇನೆ.