ಹುಳಿಯಲ್ಲಿ ತೊಳೆದ ನಾಣ್ಯಗಳು

ಭಾನುವಾರ, ಬೆಳಿಗ್ಗೆ

ನನ್ನ ಮೇಲೆ ಇನ್ನೂ ಸಿಟ್ಟಿನಲ್ಲಿರುವ ಅಕ್ಕನಿಗೆ,

ಅಕ್ಷರ ನೋಡಿದೊಡನೆ ನಾನೇ ಎಂದು ಗೊತ್ತಾಗಿರುತ್ತದೆ. ಹರಿದು ಬಿಸಾಡಬೇಡ, ದಮ್ಮಯ್ಯ ಅಂತೀನಿ.

ಮೂರು ವರ್ಷದಿಂದ ಮುಚ್ಚಿಟ್ಟಿದ್ದ ಅಪ್ಪನ ತಗಡಿನ ಡಬ್ಬಿಯನ್ನು ಹೋದ ತಿಂಗಳು ತೆರೆದೆ. ಮೂವತ್ತೊಂದು ನಾಣ್ಯ. ಯಾವ ರಾಜನದು, ಯಾವ ಕಾಲದ್ದು, ಒಂದೂ ಗೊತ್ತಿಲ್ಲ. ಗಡಿಯಾರ ರಿಪೇರಿಯಿಂದ ಮಿಕ್ಕ ಹೊತ್ತನ್ನೆಲ್ಲ ಅಪ್ಪ ಇವಕ್ಕೇ ಸುರಿದರಲ್ಲ, ಅಂಥದ್ದೇನಿದೆ ನೋಡೇಬಿಡೋಣ ಎಂಬ ಹಟ ಹುಟ್ಟಿತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ನಮ್ಮನೆಯವರು ನಕ್ಕರು. ತೂಕ ಮಾಡಿದೆ, ದಾರ ಸುತ್ತಿ ಅಳತೆ ತೆಗೆದೆ, ಕಿಟಕಿಯ ಓರೆ ಬೆಳಕಿಗೆ ಹಿಡಿದೆ. ಹಸಿರುಗಟ್ಟಿದ ಮೈಮೇಲೆ ಒಂದು ಕಡೆ ಆನೆಯೋ ಕುದುರೆಯೋ, ಇನ್ನೊಂದು ಕಡೆ ಅಕ್ಷರದಂಥದ್ದು ಏನೋ. ಇನ್ನೊಂಚೂರು ಸ್ಪಷ್ಟವಾದರೆ ಸಾಕಿತ್ತು.

ಪಾತ್ರೆ ತಿಕ್ಕಿ ರೂಢಿಯಾದ ಕೈ ನನ್ನದು. ಅಷ್ಟನ್ನೂ ನಿಂಬೆಹುಳಿಯಲ್ಲಿ ನೆನೆಹಾಕಿ, ಉಪ್ಪು ಹಾಕಿ ತಿಕ್ಕಿದೆ. ಥಳಥಳ ಹೊಳೆದವು. ಹಳೆ ನಾಣ್ಯದ ಅಂಗಡಿಯವರ ಮುಂದೆ ಹೆಮ್ಮೆಯಿಂದ ಸುರಿದೆ. ಆ ಮುದುಕರು ಒಂದೊಂದನ್ನೇ ತಿರುಗಿಸಿ ನೋಡಿ ಕನ್ನಡಕ ತೆಗೆದಿಟ್ಟರು. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಗೆರೆಗಳು ಉಳಿದಿದ್ದೇ ಆ ಹಸಿರು ಪದರದಲ್ಲಿ, ಅದನ್ನೇ ತೊಳೆದುಬಿಟ್ಟಿರಲ್ಲ ಎಂದರು. ಮೊದಲು ಹೇಗಿದ್ದವೆಂದು ಕಂಡವರಿದ್ದರೆ ಮಾತ್ರ ಇನ್ನು ಗುರುತು ಸಿಕ್ಕೀತಂತೆ.

ಕಂಡವಳು ನೀನೊಬ್ಬಳೇ. ನೀನು ಅಪ್ಪನ ಮೇಜಿನ ಪಕ್ಕ ಕೂತು, ನಾಣ್ಯದ ಮೇಲೆ ತೆಳುಕಾಗದ ಹಾಸಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದೆ. ನಾನು ಬಾಗಿಲಲ್ಲಿ ನಿಂತು ಆಟಕ್ಕೆ ಬಾ ಎಂದು ಕರೆದರೆ ತಲೆ ಎತ್ತುತ್ತಿರಲಿಲ್ಲ, ನೀವಿಬ್ಬರೂ. ಅಪ್ಪ ತೀರಿಕೊಂಡ ವಾರ, "ನೀನೇ ಇಟ್ಟುಕೋ" ಎಂದು ಅಪ್ಪ ಡಬ್ಬಿಯನ್ನು ನನಗೆ ಕೊಟ್ಟರು ಎಂದೆನಲ್ಲ, ಅವರು ಹಾಗೆ ಹೇಳಿರಲಾರರು ಎಂದು ನೀನು ಒಂದೇ ಮಾತು ಅಂದೆ. ಆ ಅಚ್ಚುಗಳನ್ನು ಅಂಟಿಸಿಟ್ಟ ಪುಸ್ತಕವನ್ನಷ್ಟೇ ಚೀಲಕ್ಕೆ ಹಾಕಿಕೊಂಡು ನೀನು ಹೊರಟೆ. ಅವತ್ತಿನಿಂದ ನಮಗೆ ಮಾತಿಲ್ಲ.

ಆ ಪುಸ್ತಕ ತೆಗೆದುಕೊಂಡು ಬಾ, ಅಕ್ಕ. ಅಚ್ಚನ್ನು ಪಕ್ಕದಲ್ಲಿಟ್ಟು, ಅಂಚಿನ ಸೀಳು ನೋಡಿ ಒಂದೊಂದನ್ನೇ ಗುರುತು ಹಿಡಿಯೋಣ. ಇಲ್ಲದಿದ್ದರೆ ಅಪ್ಪ ನಲವತ್ತು ವರ್ಷ ಕೂಡಿಟ್ಟದ್ದು ಬರೀ ತಾಮ್ರದ ಬಿಲ್ಲೆಗಳಾಗಿ ಉಳಿಯುತ್ತದೆ. ನನಗೆ ನಾಚಿಕೆಯಾಗುತ್ತಿದೆ. ನೀನಿಲ್ಲದೆ ಸಾಕಾಗಿಯೂ ಹೋಗಿದೆ.

ನಿನ್ನ
ತಂಗಿ

ಸಹಿ ಹಾಕಿದ ಮೇಲೆ: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅಪ್ಪ ಡಬ್ಬಿಯನ್ನು ನನ್ನ ಕೈಗೆ ಕೊಟ್ಟದ್ದು ನಿಜ. ಕೊಡುವಾಗ ಹೇಳಿದ್ದು, "ಇದನ್ನ ನಿಮ್ಮಕ್ಕಂಗೆ ಕೊಡಮ್ಮ." ಎಂಟು ತಿಂಗಳು ಅವರ ಮೈ ಒರೆಸಿದವಳು ನಾನು. ಆ ಗಳಿಗೆಯಲ್ಲೂ ಅವರಿಗೆ ನೆನಪಾದವಳು ನೀನು. ಹೊಟ್ಟೆ ಉರಿದುಹೋಯಿತು, ಮುಚ್ಚಿಟ್ಟೆ. ಡಬ್ಬಿ ನಿನ್ನದು. ಪುಸ್ತಕ ತರಲು ಮನಸ್ಸಿಲ್ಲದಿದ್ದರೂ ಬಂದು ತೆಗೆದುಕೊಂಡು ಹೋಗು.